ಮೊದಲ ಉಪ್ಪುನೀರಿನ ಅಕ್ವೇರಿಯಂ: ಏನೋ ಕೆಟ್ಟಿದೆ ಅನ್ನಿಸಿದಾಗ ಎಲ್ಲಿಂದ ಹುಡುಕಬೇಕು

ನನ್ನ ಮೊದಲ ಉಪ್ಪುನೀರಿನ ಟ್ಯಾಂಕಿನಲ್ಲಿ ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಕಳಚಿ ಮರಳಿನ ಮೇಲೆ ಬೀಳತೊಡಗಿದವು. ಅಂಗಾತ ಬಿದ್ದವು ಹಾಗೇ ಬಿದ್ದಿರುತ್ತಿದ್ದವು. ಅಮೋನಿಯಾ ನೋಡಿದೆ, ಸೊನ್ನೆ. ನೈಟ್ರೈಟ್ ಸೊನ್ನೆ. ನೀರಿನ ಬಿಸಿ 26 ಡಿಗ್ರಿ. ಉಪ್ಪಿನಂಶ ನೋಡಿದೆ, ಸಿಹಿನೀರನ್ನು 1 ಅಂತ ಹಿಡಿದ ಸಾಂದ್ರತೆಯ ಲೆಕ್ಕದಲ್ಲಿ 1.025. ಎಲ್ಲಾ ಸರಿಯಾಗೇ ಇದೆ, ತಂದ ಹುಳುಗಳೇ ಸರಿಯಿರಲಿಲ್ಲ ಅಂದುಕೊಂಡು ಇನ್ನೂ ಆರು ತಂದು ಬಿಟ್ಟೆ. ಅವೂ ಬಿದ್ದವು.

ತಪ್ಪು ಎರಡಿತ್ತು. ನೀರು ಇಳಿದಾಗಲೆಲ್ಲ ನಾನು ಉಪ್ಪುನೀರನ್ನೇ ತುಂಬುತ್ತಿದ್ದೆ. ಆದರೆ ಆವಿಯಾಗುವುದು ಬರೀ ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 100 ಲೀಟರಿನ ಟ್ಯಾಂಕಿನಲ್ಲಿ ದಿನಕ್ಕೆ 1 ಲೀಟರ್ ಆವಿಯಾಗಿ, ಅಷ್ಟೇ ಉಪ್ಪುನೀರು ಹಾಕುತ್ತಾ ಹೋದರೆ ಮೂರು ವಾರದಲ್ಲಿ 700 ಗ್ರಾಂ ಹತ್ತಿರ ಉಪ್ಪು ಜಾಸ್ತಿ ಸೇರಿರುತ್ತದೆ. ನನ್ನ ಟ್ಯಾಂಕ್ ಆಗಲೇ 1.031 ಮುಟ್ಟಿತ್ತು. ಎರಡನೆಯದು ಉಪ್ಪಿನಂಶ ಅಳೆಯುವ ಹೈಡ್ರೋಮೀಟರಿನ ತಪ್ಪು. ಅದರೊಳಗಿನ ಮುಳ್ಳಿನ ಬುಡದಲ್ಲಿ ಒಣಗಿದ ಉಪ್ಪು ಕಟ್ಟಿಕೊಂಡು, ಮುಳ್ಳು 1.025 ದಾಟಿ ಮೇಲೆ ಏಳುತ್ತಲೇ ಇರಲಿಲ್ಲ. ನಾನು ದಿನಾ ನೋಡಿ ಸಮಾಧಾನಪಡುತ್ತಿದ್ದ ಸಂಖ್ಯೆಯೇ ಸುಳ್ಳು.

ಆಮೇಲೆ ನಾನು ಹುಡುಕುವ ಕ್ರಮ ಬದಲಾಯಿತು. ಮೊದಲು ಅಳೆಯುವ ಸಾಧನ, ಆಮೇಲೆ ನೀರು, ಆಮೇಲೆ ಯಂತ್ರಗಳು, ಕೊನೆಗೆ ಮೀನು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ದಿನ ಬಿಟ್ಟು ನೋಡುವುದು. ಒಂದೇ ಸಂಜೆ ನೀರು ಬದಲಿಸಿ, ಔಷಧಿ ಹಾಕಿ, ಫಿಲ್ಟರ್ ತೊಳೆದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅನ್ನೋದು ಕೊನೆಗೂ ಗೊತ್ತಾಗುವುದಿಲ್ಲ. ಒಂದೇ ವಿನಾಯಿತಿ: ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಕೆಳಗಿನ 'ಮೀನು ಏದುಸಿರು ಬಿಡುತ್ತಿದೆ' ಭಾಗಕ್ಕೆ ಹೋಗಿ.

ಸಾಧನವೇ ಸುಳ್ಳು ಹೇಳುತ್ತಿದೆಯಾ?

ಮುಳ್ಳಿನ ಹೈಡ್ರೋಮೀಟರ್ ಎರಡು ರೀತಿ ಮೋಸ ಮಾಡುತ್ತದೆ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದ್ದರೆ ಅದು ಮೇಲೆ ತೇಲಿ ಉಪ್ಪು ಜಾಸ್ತಿ ಇದೆ ಅನ್ನುತ್ತದೆ. ಉಪ್ಪು ಕಟ್ಟಿದ್ದರೆ ಭಾರಕ್ಕೆ ಕೆಳಗೆ ಉಳಿದು ಕಮ್ಮಿ ಇದೆ ಅನ್ನುತ್ತದೆ. ನೀರು ತುಂಬಿದ ಮೇಲೆ ಪಕ್ಕಕ್ಕೆ ನಾಲ್ಕು ಸಲ ತಟ್ಟಿ, ಗುಳ್ಳೆ ಹೋಗಲಿ. ಬಳಸಿದ ಮೇಲೆ ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಿರಿ. ಇಷ್ಟು ಮಾಡಿದರೂ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ನೀರಿನ ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ವಾಸಿ.

ಆದರೆ ರಿಫ್ರಾಕ್ಟೋಮೀಟರನ್ನು ಆರ್‌ಓ ನೀರು ಬಿಟ್ಟು ಸೊನ್ನೆಗೆ ಕೂರಿಸಿದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಸೊನ್ನೆಯಲ್ಲಿ ಸರಿಯಾಗಿದ್ದು, ನಮಗೆ ಬೇಕಾದ 35ರ ಹತ್ತಿರ ತಪ್ಪು ತೋರಿಸುವ ಸಾಧನಗಳಿವೆ. ಸಾವಿರಕ್ಕೆ 35 ಭಾಗ ಉಪ್ಪಿರುವ ಕ್ಯಾಲಿಬ್ರೇಶನ್ ದ್ರಾವಣದಿಂದಲೇ ಹೊಂದಿಸಿ. ಎರಡು ಹನಿ ಬಿಟ್ಟು ಮುಚ್ಚಳ ಮುಚ್ಚಿ, ಅರ್ಧ ನಿಮಿಷ ಕಾಯಿರಿ. ಹನಿಯ ಬಿಸಿ ಗಾಜಿನ ಬಿಸಿಗೆ ಸಮ ಆಗಬೇಕು. ಆಮೇಲೆ ನೋಡಿ. ಆ ದ್ರಾವಣದ ಬಾಟಲಿಯ ಮುಚ್ಚಳ ಸಡಿಲ ಇದ್ದರೆ ಅದೂ ಆವಿಯಾಗಿ ಗಟ್ಟಿಯಾಗಿರುತ್ತದೆ, ಅದನ್ನೂ ಗಮನಿಸಿ.

ಸಮುದ್ರದ ನೀರಿನ ಉಪ್ಪಿನಂಶ ಸುಮಾರು 35. ಸಾಂದ್ರತೆಯ ಲೆಕ್ಕದಲ್ಲಿ 25 ಡಿಗ್ರಿಯಲ್ಲಿ 1.026. ಮೊದಲ ಟ್ಯಾಂಕಿಗೆ 1.025, 1.026 ಎರಡೂ ಸರಿ. ಸಂಖ್ಯೆ ಜಾಸ್ತಿಯಾಗಿದ್ದರೆ ಒಂದೇ ಸಲಕ್ಕೆ ಇಳಿಸಬೇಡಿ. ಸ್ವಲ್ಪ ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕಿ, ದಿನಕ್ಕೆ 0.001ರಿಂದ 0.002ರಷ್ಟೇ ಇಳಿಯುವಂತೆ ನೋಡಿಕೊಳ್ಳಿ.

ಟೆಸ್ಟ್ ಕಿಟ್ ಕೂಡ ಇದೇ ಜಾತಿ. ನೈಟ್ರೇಟ್ ಯಾವಾಗಲೂ ಸೊನ್ನೆ ಬರುತ್ತಿದೆ ಅಂತ ಖುಷಿಪಡುವ ಮುಂಚೆ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ. ಕೆಲವು ಕಿಟ್‌ಗಳ ಎರಡನೇ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸದೆ ಹನಿ ಬಿಟ್ಟರೆ ನೈಟ್ರೇಟ್ ಎಷ್ಟೇ ಇದ್ದರೂ ಹಳದಿ ಬಣ್ಣವೇ ಬರುತ್ತದೆ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಟ್ಯಾಂಕಿನ ನೀಲಿ ಲೈಟಿನಡಿ ಯಾವ ಬಣ್ಣವೂ ನಿಜವಲ್ಲ.

ಅಮೋನಿಯಾ 0.25 ಇದೆಯೋ ಸೊನ್ನೆಯೋ ಅಂತ ಗೊಂದಲವಾದರೆ ಒಂದು ಉಪಾಯ ಇದೆ. ಆಗಷ್ಟೇ ಕಲಸಿದ ಉಪ್ಪುನೀರನ್ನೂ ಅದೇ ಕಿಟ್‌ನಲ್ಲಿ ಪಕ್ಕದಲ್ಲೇ ಟೆಸ್ಟ್ ಮಾಡಿ. ಎರಡು ಟ್ಯೂಬಿನ ಬಣ್ಣವೂ ಒಂದೇ ಆಗಿದ್ದರೆ ತೊಂದರೆ ಟ್ಯಾಂಕಿನದಲ್ಲ. ಕಿಟ್, ಉಪ್ಪು ಅಥವಾ ನೀವು ಬಳಸುವ ನೀರು, ಈ ಮೂರರಲ್ಲಿ ಒಂದು.

ಅಮೋನಿಯಾ, ನೈಟ್ರೈಟ್ ಇಳಿಯುತ್ತಿಲ್ಲ

ಹೊಸ ಟ್ಯಾಂಕಿನಲ್ಲಿ ಇದು ದೋಷವೇ ಅಲ್ಲದಿರಬಹುದು. ಮೀನಿನ ಹೊಲಸು, ಕೊಳೆತ ಊಟದಿಂದ ಬರುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕು. ಅದು ಮಾಡುವ ನೈಟ್ರೈಟನ್ನು ತಿನ್ನುವ ಇನ್ನೊಂದು ಗುಂಪು ಆಮೇಲೆ ಬೆಳೆಯಬೇಕು. ಕೊನೆಗೆ ಉಳಿಯುವುದು ನೈಟ್ರೇಟ್. ಇದೆಲ್ಲಾ ಮುಗಿಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೂರನೇ ವಾರದಲ್ಲಿ ನೈಟ್ರೈಟ್ ಆಕಾಶಕ್ಕೇರಿದ್ದರೆ ಟ್ಯಾಂಕ್ ಕೆಟ್ಟಿಲ್ಲ, ಮೂರನೇ ವಾರದಲ್ಲಿದೆ ಅಷ್ಟೇ.

ನಿಜವಾಗಿ ಸಿಕ್ಕಿಹಾಕಿಕೊಂಡಿದೆಯಾ ಅಂತ ತಿಳಿಯಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಅಮೋನಿಯಾ ಏರಿಯೇ ಇಲ್ಲವಾ? ಹಾಗಾದರೆ ಬ್ಯಾಕ್ಟೀರಿಯಾಗೆ ಊಟವೇ ಇಲ್ಲ. ಒಣ ಕಲ್ಲು, ಒಣ ಮರಳು ಹಾಕಿ ಸುಮ್ನೆ ನೀರು ತಿರುಗಿಸಿದರೆ ಏನೂ ಆಗುವುದಿಲ್ಲ. ಅಮೋನಿಯಾ 5 ಪಿಪಿಎಂ (ಹತ್ತು ಲಕ್ಷಕ್ಕೆ 5 ಭಾಗ) ಮೀರಿ ನಿಂತಿದೆಯಾ? ಜಾಸ್ತಿಯಾದ ಅಮೋನಿಯಾ ಬ್ಯಾಕ್ಟೀರಿಯಾವನ್ನೇ ತಡೆಯುತ್ತದೆ, ಅರ್ಧ ನೀರು ಬದಲಿಸಿ. ನಲ್ಲಿ ನೀರು ಬಳಸುತ್ತಿದ್ದೀರಾ? ಅದರಲ್ಲಿ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ ಕ್ರಿಮಿನಾಶಕ) ಇದ್ದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿದಾಗ ಅದು ಒಡೆದು ಅಮೋನಿಯಾ ಬಿಡುಗಡೆಯಾಗುತ್ತದೆ, ನೀವು ನೀರು ಬದಲಿಸಿದಷ್ಟೂ ಟೆಸ್ಟಿನಲ್ಲಿ ಅದು ಕಾಣುತ್ತಲೇ ಇರುತ್ತದೆ.

ನೈಟ್ರೈಟ್ ಇನ್ನೂ ಇದ್ದಾಗ ನೈಟ್ರೇಟ್ ಟೆಸ್ಟನ್ನು ನಂಬಬೇಡಿ, ನೈಟ್ರೈಟ್ ಅದರ ಸಂಖ್ಯೆಯನ್ನು ಎತ್ತಿ ತೋರಿಸುತ್ತದೆ. ಸಿಹಿನೀರಿನ ಮೀನು ಸಾಕಿದವರಿಗೆ ನೈಟ್ರೈಟ್ ಅಂದರೆ ಭಯ. ಉಪ್ಪುನೀರಿನಲ್ಲಿ ಕ್ಲೋರೈಡ್ ತುಂಬಾ ಇರುವುದರಿಂದ ಅದು ಮೀನಿನ ಕಿವಿರಿನೊಳಗೆ ಹೋಗುವುದು ಕಮ್ಮಿ, ಹಾಗಾಗಿ ಅಷ್ಟು ವಿಷವಲ್ಲ. ಅಮೋನಿಯಾದ ಕತೆ ಉಲ್ಟಾ. ಪಿಎಚ್ ಏರಿದಷ್ಟೂ ಅದು ಜಾಸ್ತಿ ವಿಷ, ಉಪ್ಪುನೀರಿನ ಪಿಎಚ್ 8ರ ಆಸುಪಾಸಿನಲ್ಲೇ ಇರುತ್ತದೆ. ಮೀನಿರುವ ಟ್ಯಾಂಕಿನಲ್ಲಿ ಅಮೋನಿಯಾ ಸೊನ್ನೆ ಬಿಟ್ಟು ಬೇರೆ ಏನಿದ್ದರೂ ಅವತ್ತೇ ನೀರು ಬದಲಿಸಬೇಕು.

ಟ್ಯಾಂಕ್ ತಯಾರಾಯಿತಾ ಅನ್ನಲು ದಿನ ಎಣಿಸಬೇಡಿ. ಮೀನಿಲ್ಲದ ಟ್ಯಾಂಕಿಗೆ 2 ಪಿಪಿಎಂ ಆಗುವಷ್ಟು ಅಮೋನಿಯಾ ಹಾಕಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ತಯಾರು.

ನೀರು ಮಬ್ಬಾಗಿದೆ

ಒಂದು ಗಾಜಿನ ಲೋಟದಲ್ಲಿ ಟ್ಯಾಂಕಿನ ನೀರು ತುಂಬಿ, ಕಿಟಕಿಯ ಬಳಿ ಇಟ್ಟು ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ.

ಒಂದೆರಡು ನಿಮಿಷದಲ್ಲಿ ಮಬ್ಬು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಹೋದರೆ ಅದು ಗಾಳಿಗುಳ್ಳೆ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ಹೊರತೆಗೆಯುವ ಯಂತ್ರ) ಅಥವಾ ಪಂಪ್ ಎಲ್ಲೋ ಗಾಳಿ ಎಳೆಯುತ್ತಿದೆ. ನೀರಿನ ಮಟ್ಟ ಇಳಿದು ಪಂಪಿನ ಬಾಯಿ ಮೇಲೆ ಬಂದಿದೆಯಾ ನೋಡಿ. ರಾತ್ರಿ ಕಳೆಯುವುದರೊಳಗೆ ತಳದಲ್ಲಿ ಬೂದು ಪುಡಿ ಕೂತು ಮೇಲಿನ ನೀರು ತಿಳಿಯಾದರೆ ಅದು ಮರಳಿನ ದೂಳು. ಎರಡು ದಿನ ಕಾಯಿರಿ, ಫಿಲ್ಟರಿಗೆ ಹತ್ತಿ ಹಾಕಿ. ತಳದಲ್ಲಿ ಅಚ್ಚ ಬಿಳಿ ಪುಡಿ ಕೂತು, ಜೊತೆಗೆ ಹೀಟರಿನ ಮೇಲೂ ಬಿಳಿ ಪದರ ಕಟ್ಟಿದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಉಪ್ಪು ಕಲಸುವಾಗಲೇ ಎಡವಟ್ಟಾಗಿದೆ. ಉಪ್ಪಿನ ರಾಶಿಯ ಮೇಲೆ ನೀರು ಸುರಿಯಬಾರದು. ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಪಂಪ್ ತಿರುಗುತ್ತಿರಬೇಕು.

ಬೆಳಗ್ಗೆಯೂ ಲೋಟ ಹಾಲು ಬೆರೆಸಿದ ಹಾಗೇ ಇದೆಯಾ? ಅದು ಬ್ಯಾಕ್ಟೀರಿಯಾ. ಮೊದಲ ವಾರಗಳಲ್ಲಿ ಇದು ಬಂದು ಹೋಗುತ್ತದೆ. ಆದರೆ ಅವು ಆಮ್ಲಜನಕ ಕುಡಿಯುತ್ತವೆ, ಹಾಗಾಗಿ ಮೀನಿದ್ದರೆ ನೀರಿನ ಮೇಲ್ಮೈ ಚೆನ್ನಾಗಿ ಕದಡುವಂತೆ ಪಂಪ್ ತಿರುಗಿಸಿ. ಊಟ ಒಂದೆರಡು ದಿನ ನಿಲ್ಲಿಸಿ.

ಕಂದು, ಕೆಂಪು, ಲೋಳೆ

ಎಲ್ಲರೂ ಹೆದರುವುದು ಇಲ್ಲೇ. ಹೆದರಬೇಕಾದದ್ದು ಮೂರರಲ್ಲಿ ಒಂದಕ್ಕೆ ಮಾತ್ರ.

ಮರಳಿನ ಮೇಲೆ ಚಹಾಪುಡಿ ಉದುರಿಸಿದಂಥ ಕಂದು ಬಣ್ಣ ಬಂದಿದ್ದು, ಗಾಜಿನ ಮೇಲಿಂದ ಬೆರಳಿನಲ್ಲಿ ಒರೆಸಿದರೆ ದೂಳಿನ ಹಾಗೆ ಹೋಗುತ್ತಿದ್ದರೆ ಅದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ. ಹೊಸ ಮರಳು, ನಲ್ಲಿ ನೀರು ಇವುಗಳಲ್ಲಿನ ಸಿಲಿಕಾ ತಿಂದು ಬೆಳೆಯುತ್ತದೆ, ಅದು ಮುಗಿದ ಮೇಲೆ ಹೋಗುತ್ತದೆ. ಏನೂ ಮಾಡಬೇಡಿ. ತಿಂಗಳುಗಟ್ಟಲೆ ಹೋಗದಿದ್ದರೆ ಆರ್‌ಓ ಫಿಲ್ಟರ್ ನೋಡಿ. ಹೊರಬರುವ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆಯ ಹತ್ತಿರ ಇರಬೇಕು.

ಕೆಂಪು ಅಥವಾ ಕಡು ಹಸಿರಿನ ಹಾಳೆಯ ಹಾಗೆ ಹರಡಿ, ಅಂಚು ಹಿಡಿದರೆ ಕೆನೆಯಂತೆ ಎದ್ದು ಬಂದರೆ ಅದು ಸಯನೋಬ್ಯಾಕ್ಟೀರಿಯಾ. ನೀರಿನ ಓಟ ಕಮ್ಮಿ ಇರುವ ಮೂಲೆಯಲ್ಲೇ ಶುರುವಾಗುತ್ತದೆ. ಪೈಪಿನಿಂದ ಎಳೆದು ತೆಗೆಯಿರಿ, ಟ್ಯಾಂಕಿನೊಳಗೆ ನೀರು ಓಡಿಸುವ ಸಣ್ಣ ಪಂಪ್ ಆದ ಪವರ್‌ಹೆಡ್ಡನ್ನು ಆ ಮೂಲೆಗೆ ತಿರುಗಿಸಿ, ಊಟ ಕಮ್ಮಿ ಮಾಡಿ.

ಮೂರನೆಯದು ಕಂದು ಬಣ್ಣದ ಸಿಂಬಳದ ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ. ಸಂಜೆ ಜಾಸ್ತಿ, ಬೆಳಗ್ಗೆ ಲೈಟ್ ಹಾಕುವ ಮುಂಚೆ ಕಮ್ಮಿ. ಇದು ಡೈನೋಫ್ಲಜಲೇಟ್ ಅನ್ನೋ ಸೂಕ್ಷ್ಮ ಏಕಕೋಶ ಜೀವಿ, ಚಿಕ್ಕದಾಗಿ ಡೈನೋ, ಇರಬಹುದು. ಖಾತ್ರಿ ಮಾಡಿಕೊಳ್ಳಲು ಒಂದಿಷ್ಟು ಲೋಳೆಯನ್ನು ಟ್ಯಾಂಕಿನ ನೀರಿನ ಜೊತೆ ಸಣ್ಣ ಬಾಟಲಿಗೆ ಹಾಕಿ, ಎಳೆಗಳೆಲ್ಲ ಪುಡಿಯಾಗುವ ತನಕ ಜೋರಾಗಿ ಕುಲುಕಿ. ಕಾಫಿ ಸೋಸುವ ಕಾಗದದಲ್ಲಿ ಸೋಸಿ. ಸೋಸಿದ ನೀರನ್ನು ಬೆಳಕಿನಡಿ ಒಂದು ಗಂಟೆ ಇಡಿ. ತಿಳಿ ನೀರಿನಲ್ಲಿ ಮತ್ತೆ ಎಳೆಗಳು ಕೂಡಿಕೊಂಡರೆ ಡೈನೋ. ಒಂಟಿ ಒಂಟಿ ಜೀವಿಗಳು ಕಾಗದ ದಾಟಿ ಬಂದು ಆ ಕಡೆ ಮತ್ತೆ ಸೇರಿಕೊಳ್ಳುತ್ತವೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಅಂದಿತ್ತು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಇನ್ನೂ ಜಾಸ್ತಿ ಸ್ವಚ್ಛ ಮಾಡುವುದು. ಡೈನೋ ಸಾಮಾನ್ಯವಾಗಿ ಗೆಲ್ಲುವುದು ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ. ಪೈಪೋಟಿಗೆ ಬೇರೆ ಯಾರೂ ಇರುವುದಿಲ್ಲ. ನೀರು ಬದಲಿಸುವುದನ್ನು ನಿಲ್ಲಿಸಿ, ಫಾಸ್ಫೇಟ್ ಹೀರುವ ಹರಳುಗಳಿದ್ದರೆ ತೆಗೆಯಿರಿ, ಆ ಎರಡು ಸಂಖ್ಯೆಗಳು ಸೊನ್ನೆಯಿಂದ ಮೇಲೆ ಬರಲಿ. ವಾರಗಟ್ಟಲೆ ಹಿಡಿಯುತ್ತದೆ. ಡೈನೋದ ಕೆಲವು ಜಾತಿ ವಿಷಕಾರಿ, ಅದನ್ನು ತಿಂದ ಬಸವನಹುಳು ಸಾಯುವುದುಂಟು.

ಪಿಎಚ್ ಏರುತ್ತಿಲ್ಲ

7.8ರಿಂದ 8.4ರ ನಡುವೆ ಎಲ್ಲಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಕೆಳಗಿದ್ದರೆ ಮೊದಲು ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ, ಅದರ ಅಳತೆ ಡಿಕೆಎಚ್) ನೋಡಿ. 8, 9 ಡಿಕೆಎಚ್ ಇದ್ದೂ ಪಿಎಚ್ ಕಮ್ಮಿ ಅಂದರೆ ತಪ್ಪು ಕೋಣೆಯ ಗಾಳಿಯದು. ಒಂದು ಪಾತ್ರೆಯಲ್ಲಿ ಟ್ಯಾಂಕಿನ ನೀರು ಹಿಡಿದು ಮನೆಯ ಹೊರಗೆ ಇಟ್ಟು, ಗಾಳಿ ಪಂಪಿನ ಕೊಳವೆ ಬಿಟ್ಟು ಒಂದು ಗಂಟೆ ಗುಳ್ಳೆ ಹಾಯಿಸಿ, ಮತ್ತೆ ಅಳೆಯಿರಿ. ಪಿಎಚ್ ಏರಿದರೆ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇದೆ ಅಂತ. ಕಿಟಕಿ ತೆರೆಯಿರಿ. ಪಿಎಚ್ ಏರಿಸುವ ಪುಡಿ ಹಾಕಿದರೆ ಆಲ್ಕಲಿನಿಟಿ ಹಾಳಾಗುತ್ತದೆ, ಪಿಎಚ್ ನಾಳೆ ಅಲ್ಲೇ ಬಂದು ನಿಲ್ಲುತ್ತದೆ.

ಯಂತ್ರಗಳು

ನೀರಿಗೆ ಕೈ ಹಾಕಿದಾಗ ಬೆರಳಿನ ಗಾಯದಲ್ಲಿ ಜುಮ್ ಅಂದರೆ ಅಲ್ಲೇ ನಿಲ್ಲಿಸಿ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ, ಮೇನ್ ಸ್ವಿಚ್ ಆರಿಸಿ. ಉಪ್ಪುನೀರು ವಿದ್ಯುತ್ತನ್ನು ಸಿಹಿನೀರಿಗಿಂತ ಎಷ್ಟೋ ಚೆನ್ನಾಗಿ ಹರಿಸುತ್ತದೆ. ಆರಿಸಿದ ಮೇಲೆ ಒಂದೊಂದೇ ಉಪಕರಣ ಹೊರತೆಗೆದು, ವೈರಿನ ಸಿಪ್ಪೆ ಸೀಳಿದೆಯಾ, ಹೀಟರಿನ ಗಾಜು ಬಿರಿದಿದೆಯಾ ನೋಡಿ. ನನ್ನ ಅನುಮಾನ ಮೊದಲು ಹೋಗುವುದು ಹೀಟರಿನ ಕಡೆಗೇ. ನೀರಿನ ಮಟ್ಟ ಇಳಿದು ಉರಿಯುವ ಹೀಟರ್ ಹೊರಗೆ ಬಂದು, ಆಮೇಲೆ ಅದರ ಮೇಲೆ ತಣ್ಣನೆ ನೀರು ಬಿದ್ದರೆ ಗಾಜು ಬಿರಿಯುತ್ತದೆ. ಸೋರಿಕೆಯಾದ ಕೂಡಲೇ ಕರೆಂಟ್ ಕಡಿಯುವ ಸುರಕ್ಷಾ ಸ್ವಿಚ್ ಇಲ್ಲದೆ ಟ್ಯಾಂಕ್ ಓಡಿಸಬೇಡಿ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಮೇಲೇರಲಿ, ವೈರಿನ ಮೇಲೆ ಹರಿದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

ಬಿಸಿ ಏರುತ್ತಲೇ ಇದ್ದರೆ ಹೀಟರಿನ ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು. ಬಕೆಟ್ ನೀರಿನಲ್ಲಿ ಹೀಟರನ್ನೂ ಥರ್ಮಾಮೀಟರನ್ನೂ ಇಟ್ಟು, ಇಟ್ಟ ಡಿಗ್ರಿ ತಲುಪಿದಾಗ ತಾನೇ ಆರುತ್ತದಾ ನೋಡಿ. ಹೀಟರ್ ಸರಿಯಿದ್ದರೆ ಪಂಪ್, ಲೈಟ್, ಕೋಣೆಯ ಸೆಕೆ ಕಾರಣ. ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಆಗ ಆವಿಯೂ ಜಾಸ್ತಿ, ಸಿಹಿನೀರು ತುಂಬುವ ಕೆಲಸವೂ ಜಾಸ್ತಿ.

ಹೊಸ ಸ್ಕಿಮ್ಮರ್ ನೊರೆ ಕಟ್ಟದಿದ್ದರೆ ಅಥವಾ ಉಕ್ಕಿ ಸುರಿದರೆ ಒಂದೆರಡು ವಾರ ಬಿಡಿ, ಪಳಗುತ್ತದೆ. ಹಳೆಯದು ದಿಢೀರನೆ ನೊರೆ ನಿಲ್ಲಿಸಿದರೆ ಗಾಳಿಕೊಳವೆಯಲ್ಲಿ ಉಪ್ಪು ಕಟ್ಟಿರುತ್ತದೆ, ಬಿಸಿನೀರು ಹಾಯಿಸಿ.

ಟ್ಯಾಂಕಿನ ಕೆಳಗೆ ಸಂಪ್ (ಫಿಲ್ಟರ್, ಪಂಪ್ ಇಡುವ ಎರಡನೇ ತೊಟ್ಟಿ) ಇದ್ದರೆ, ಕರೆಂಟ್ ಹೋದಾಗ ಮೇಲಿನ ನೀರು ಎಷ್ಟು ಇಳಿಯುತ್ತದೆ ಅಂತ ನೀವು ಎದುರಿಗೆ ನಿಂತಿದ್ದಾಗಲೇ ನೋಡಿಕೊಳ್ಳಿ. ಪಂಪ್ ಆರಿಸಿ, ಸಂಪಿನ ಮಟ್ಟ ಏರಿ ನಿಲ್ಲುವ ತನಕ ಕಾಯಿರಿ. ಅಂಚಿಗೆ ಬಂದರೆ ನೀರು ಮೇಲೆ ಬಿಡುವ ಪೈಪಿನ ಬಾಯಿ ತುಂಬಾ ಕೆಳಗಿದೆ, ಅದು ಸೈಫನ್ ಆಗಿ ನೀರು ಎಳೆಯುತ್ತಿದೆ. ಬಾಯಿಯನ್ನು ಮೇಲ್ಮೈಗೆ ಹತ್ತಿರ ತನ್ನಿ. ಸೈಫನ್ ಮುರಿಯಲು ಪೈಪಿನಲ್ಲಿ ತೂತು ಕೊರೆದಿದ್ದರೆ ಪಾಚಿ ಅದನ್ನು ಮುಚ್ಚಿಲ್ಲವೇ ಅಂತ ಆಗಾಗ ಕಡ್ಡಿ ಹಾಕಿ ನೋಡಿ.

ಮೀನು ಏದುಸಿರು ಬಿಡುತ್ತಿದೆ

ಮೊದಲು ಪವರ್‌ಹೆಡ್ಡನ್ನು ಮೇಲ್ಮೈ ಕಡೆಗೆ ತಿರುಗಿಸಿ, ನೀರು ಕುಣಿಯುವಂತೆ ಮಾಡಿ. ಇದಕ್ಕೆ ಹತ್ತು ಸೆಕೆಂಡ್ ಸಾಕು, ಯಾವ ಕಾರಣವಿದ್ದರೂ ಇದರಿಂದ ನಷ್ಟವಿಲ್ಲ. ಆಮೇಲೆ ಬಿಸಿ ನೋಡಿ, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. ಆಮೇಲೆ ಅಮೋನಿಯಾ.

ಎಲ್ಲಾ ಮೀನುಗಳಿಗೂ ಒಟ್ಟಿಗೇ ಹೀಗಾಗಿದ್ದರೆ ತಪ್ಪು ನೀರಿನಲ್ಲಿದೆ. ಒಂದೇ ಮೀನಿಗಾದರೆ ಅದರ ಮೈ ನೋಡಿ. ಉಪ್ಪಿನ ಹರಳಿನಷ್ಟು ದಪ್ಪ ಬಿಳಿ ಚುಕ್ಕೆಗಳಿದ್ದರೆ ಅದು ಕ್ರಿಪ್ಟೋಕ್ಯಾರಿಯಾನ್, ಉಪ್ಪುನೀರಿನ ಬಿಳಿಚುಕ್ಕೆ ರೋಗ. ಟಾರ್ಚನ್ನು ಪಕ್ಕದಿಂದ ಹಿಡಿದಾಗ ಮೈಮೇಲೆ ಸಣ್ಣ ಚಿನ್ನದ ಪುಡಿ ಎರಚಿದಂತೆ ಕಂಡರೆ ಅದು ವೆಲ್ವೆಟ್ ಅನ್ನೋ ಇನ್ನೊಂದು ಪರಾವಲಂಬಿ ರೋಗ. ಇದು ಇನ್ನೂ ಕ್ರೂರಿ, ಕಿವಿರಿಗೆ ಹತ್ತಿ ಒಂದೆರಡು ದಿನದಲ್ಲೇ ಕೊಲ್ಲಬಲ್ಲದು.

ಬಿಳಿ ಚುಕ್ಕೆಗಳು ನಾಲ್ಕೈದು ದಿನಕ್ಕೆ ತಾವೇ ಮಾಯವಾಗುತ್ತವೆ. ವಾಸಿಯಾಯಿತು ಅಂದುಕೊಳ್ಳಬೇಡಿ. ಪರಾವಲಂಬಿ ಮೀನಿನಿಂದ ಉದುರಿ ಮರಳಿನಲ್ಲಿ, ಕಲ್ಲಿನಲ್ಲಿ ಗೂಡು ಕಟ್ಟಿ ನೂರಾರು ಮರಿ ಮಾಡುತ್ತಿರುತ್ತದೆ. ಮೀನುಗಳನ್ನು ಬೇರೆ ಟ್ಯಾಂಕಿಗೆ ಹಾಕಿ ಅಲ್ಲಿ ಚಿಕಿತ್ಸೆ ಮಾಡಿ. ಮುಖ್ಯ ಟ್ಯಾಂಕನ್ನು ಮೀನಿಲ್ಲದೆ ಬಿಡಿ. ಸಾಕುವವರು ಸಾಮಾನ್ಯವಾಗಿ 76 ದಿನ ಬಿಡುತ್ತಾರೆ. ತಾಮ್ರದ ಔಷಧಿಯನ್ನು ಮುಖ್ಯ ಟ್ಯಾಂಕಿಗೆ ಹಾಕಲೇಬೇಡಿ. ಬಸವನಹುಳು, ಸೀಗಡಿ, ಹವಳ ಎಲ್ಲವನ್ನೂ ಅದು ಕೊಲ್ಲುತ್ತದೆ, ಕಲ್ಲಿನೊಳಗೂ ಇಳಿದು ಕೂರುತ್ತದೆ.

ಸಂಖ್ಯೆಗಳೆಲ್ಲ ಸರಿ, ಆದರೂ ಸಾಯುತ್ತಿವೆ

ಸಾಧನ ನಂಬಬಹುದು ಅಂತ ಖಾತ್ರಿಯಾದ ಮೇಲೂ ಹೀಗಾದರೆ, ಮನೆಯ ಟೆಸ್ಟ್ ಕಿಟ್ ಕಾಣದ ವಸ್ತುಗಳನ್ನು ಹುಡುಕಬೇಕು. ಗಾಜು ಉಜ್ಜುವ ಅಯಸ್ಕಾಂತದ ಪ್ಲಾಸ್ಟಿಕ್ ಸೀಳಿ ಒಳಗೆ ತುಕ್ಕು ಹಿಡಿದಿದೆಯಾ? ಪೈಪಿಗೆ ಬಿಗಿದ ಕ್ಲಿಪ್ ಕಬ್ಬಿಣದ್ದಾ? ನೀರು ತಾಮ್ರದ ಕೊಳವೆಯಲ್ಲಿ ಬರುತ್ತಿದೆಯಾ? ಆ ಕೋಣೆಯಲ್ಲಿ ಯಾರಾದರೂ ಸೊಳ್ಳೆ, ಜಿರಲೆಯ ಸ್ಪ್ರೇ ಹೊಡೆದರಾ? ಸ್ಕಿಮ್ಮರ್ ಆ ಗಾಳಿಯನ್ನು ಎಳೆದು ನೇರ ನೀರಿಗೆ ಬೆರೆಸುತ್ತದೆ, ಸೀಗಡಿಗಳು ಮೊದಲು ಸಾಯುತ್ತವೆ. ಕೈಗೆ ಕ್ರೀಮು ಹಚ್ಚಿಕೊಂಡು ಟ್ಯಾಂಕಿಗೆ ಕೈ ಹಾಕಿದ್ದು ನೆನಪಾಗುತ್ತಾ?

ಆಮೇಲೆ ತಲೆ ಎಣಿಸಿ. ಒಂದು ಕಮ್ಮಿ ಬಂದರೆ ಟಾರ್ಚ್ ಹಿಡಿದು ಕಲ್ಲಿನ ಹಿಂದೆ, ಪವರ್‌ಹೆಡ್ಡಿನ ಜಾಲರಿಯಲ್ಲಿ, ಸಂಪಿನ ಮೂಲೆಯಲ್ಲಿ ನೋಡಿ. ಅಲುಗಾಡದ ಬಸವನಹುಳುವನ್ನು ಎತ್ತಿ ಮೂಗಿನ ಹತ್ತಿರ ಹಿಡಿಯಿರಿ. ಸತ್ತಿದ್ದರೆ ಎರಡನೇ ಸಲ ಮೂಸುವ ಪ್ರಶ್ನೆಯೇ ಬರುವುದಿಲ್ಲ. ಬದುಕಿದ್ದರೆ ಮುಚ್ಚಳ ಎಳೆದುಕೊಳ್ಳುತ್ತದೆ, ನೇರ ಮಾಡಿ ಗಾಜಿನ ಬುಡದಲ್ಲಿ ಬಿಡಿ. ಏನೂ ಸಿಗದಿದ್ದರೆ ಆಕ್ಟಿವೇಟೆಡ್ ಕಾರ್ಬನ್ ಹೊಸದು ಹಾಕಿ, ಟ್ಯಾಂಕಿನ ನೀರಿನಷ್ಟೇ ಉಪ್ಪು, ಅಷ್ಟೇ ಬಿಸಿ ಇರುವ ಹೊಸ ನೀರಿನಿಂದ ಐದರಲ್ಲಿ ಒಂದು ಭಾಗ ಬದಲಿಸಿ. ಆ ಹೊಸ ನೀರನ್ನು ಅಳೆಯುವ ಮುಂಚೆ ರಿಫ್ರಾಕ್ಟೋಮೀಟರಿನ ಗಾಜು ಒರೆಸಿ.